ಮಗ್ಗಿ ಗಡಗಡ ಬರುತ್ತೆ, "ಏಳೆಂಟ್ಲ ಎಷ್ಟು" ಅಂದ್ರೆ ಏಳೊಂದ್ಲದಿಂದ ಶುರು. ಏನು ಮಾಡೋದು?

ಅಮೃತಬಳ್ಳಿ:
ಮಗಳು ಮೂರನೇ ಕ್ಲಾಸು. ಎರಡರಿಂದ ಹತ್ತರವರೆಗೆ ಮಗ್ಗಿ ಒಂದೇ ಉಸಿರಿಗೆ ಒಪ್ಪಿಸ್ತಾಳೆ. ನಡುವೆ ತಡೆದು "ಏಳೆಂಟ್ಲ?" ಅಂತ ಕೇಳಿದ್ರೆ ಮಾತ್ರ ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಅಂತ ಮೊದಲಿಂದ ಹತ್ತಿಕೊಂಡು ಬರಬೇಕು. ದಾರಿಯಲ್ಲಿ ಒಂದು ಜಾರಿದ್ರೆ ಮುಂದಿನದೆಲ್ಲ ತಪ್ಪು. ಈಗ 47×36 ತರಹದ ಎರಡಂಕಿ ಗುಣಾಕಾರವೂ ಶುರುವಾಗಿದೆ, ಒಂದು ಲೆಕ್ಕಕ್ಕೆ ಯುಗ ಹಿಡಿಯುತ್ತೆ. ದಿನಾ ಇನ್ನೂ ಹೆಚ್ಚು ಸಲ ಹೇಳಿಸಬೇಕಾ, ಬೇರೆ ದಾರಿ ಇದೆಯಾ? ಇಪ್ಪತ್ತರ ಮಗ್ಗಿವರೆಗೂ ಬರಲೇಬೇಕು ಅಂತ ಮನೆಯ ಹಿರಿಯರ ಒತ್ತಾಯ ಬೇರೆ.

ಬಳಪದಚೂರು:
ಇನ್ನೂ ಹೆಚ್ಚು ಸಲ ಹೇಳಿಸಿದ್ರೆ ಹಾಡು ಇನ್ನೂ ಗಟ್ಟಿಯಾಗುತ್ತೆ, ಅಷ್ಟೇ. ಅವಳಿಗೆ ಈಗ ಬರ್ತಿರೋದು ಸಾಲು. ಸಾಲಿನ ಒಂದು ಕಲ್ಲನ್ನು ಮಾತ್ರ ಎತ್ತಿ ಕೊಡು ಅಂದ್ರೆ ಬರಲ್ಲ.

ಹಳೇಸ್ಲೇಟು:
ಒಪ್ಪಲ್ಲ. ಬಾಯಿಪಾಠ ಇಲ್ಲದೆ ಯಾವ ಲೆಕ್ಕವೂ ಮುಂದಕ್ಕೆ ಹೋಗಲ್ಲ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಮಗ್ಗಿ ಹೇಳಿಸಿ. ತಾನಾಗೇ ಕೂರುತ್ತೆ.

ಪೇಡೆಪ್ರಿಯ:
ಬಾಯಿಪಾಠ ಬ್ಯಾಡ ಅಂತ ಯಾರೂ ಅಂದಿಲ್ಲರಿ ಸ್ಲೇಟು ಅವರ. ಏನನ್ನ ಬಾಯಿಪಾಠ ಮಾಡಿಸಬೇಕು ಅನ್ನೋದ ಪ್ರಶ್ನಿ. ಮ್ಯಾಲಿಂದ ಕೆಳಗ ಓದಿದ್ರ ಪ್ರತಿಯೊಂದು ಉತ್ತರ ಅದರ ಹಿಂದಿನ ಉತ್ತರಕ್ಕ ಅಂಟಿಕೊಂಡಿರತೈತಿ. ನಲವತ್ತೊಂಬತ್ತು ಅಂದ ಮ್ಯಾಲೇ ಐವತ್ತಾರು ನೆನಪಾಗತೈತಿ. ಏಳು ಮತ್ತ ಎಂಟು ಎರಡೂ ಕೂಡಿ ಕಿವಿಗೆ ಬಿದ್ದ ಕೂಡಲೇ ಐವತ್ತಾರು ಬರಬೇಕು. ಅದು ಬ್ಯಾರೆ ಅಭ್ಯಾಸ.

ಲೆಕ್ಕದಕಟ್ಟೆ:
ಮೊದಲು ಎಷ್ಟು ಕಲಿಯೋದಿದೆ ಅಂತ ಎಣಿಸಿ ನೋಡಿ, ಅರ್ಧ ಭಯ ಅಲ್ಲೇ ಹೋಗುತ್ತೆ. 1ರಿಂದ 10ರವರೆಗಿನ ಮಗ್ಗಿಯಲ್ಲಿ 100 ಸಾಲು. 7×8 ಗೊತ್ತಿದ್ರೆ 8×7 ಬೇರೆಯಾಗಿ ಕಲಿಯಬೇಕಿಲ್ಲ, ಹಾಗಾಗಿ ಉಳಿಯೋದು 55.

ಆ 55ರಲ್ಲಿ ಒಂದರದ್ದು 10 ತೆಗೆಯಿರಿ: 45. ಹತ್ತರದ್ದು 9: ಉಳಿದದ್ದು 36. ಎರಡರದ್ದು ಅಂದ್ರೆ ಎರಡು ಪಟ್ಟು, ಅದು 8: ಉಳಿದದ್ದು 28. ಐದರದ್ದು 7: ಉಳಿದದ್ದು 21. ಒಂಬತ್ತರದ್ದು 6: ಉಳಿದದ್ದು 15. ಇದರಲ್ಲಿ ಅದೇ ಸಂಖ್ಯೆಯನ್ನು ಅದರಿಂದಲೇ ಗುಣಿಸೋದು 5 (3×3, 4×4, 6×6, 7×7, 8×8), ಅವು ಮಕ್ಕಳಿಗೆ ಹೇಗೋ ಬೇಗ ಹಿಡಿಯುತ್ತವೆ. ಕೊನೆಗೆ ಹತ್ತೇ ಹತ್ತು:

3×4=12, 3×6=18, 3×7=21, 3×8=24, 4×6=24, 4×7=28, 4×8=32, 6×7=42, 6×8=48, 7×8=56.

ನಿಜವಾದ ಜಗಳ ಈ ಹತ್ತರ ಜೊತೆ. 7ರ ಮಗ್ಗಿ ಪೂರ್ತಿ ಮತ್ತೆ ಮತ್ತೆ ಹೇಳಿಸೋದು ಅಂದ್ರೆ ಗೊತ್ತಿರೋ ಏಳೊಂದ್ಲ, ಏಳೆರಡ್ಲ, ಏಳೈದ್ಲ, ಏಳ್ಹತ್ಲಕ್ಕೂ ಅಷ್ಟೇ ಸಮಯ ಸುರಿದ ಹಾಗೆ.

ಅಮೃತಬಳ್ಳಿ:
ಅಬ್ಬಾ, ಹತ್ತೇನಾ! ಆದರೆ ಒಂಬತ್ತರದ್ದನ್ನು ಅಷ್ಟು ಸುಲಭ ಅಂತ ತೆಗೆದುಬಿಟ್ರಲ್ಲ, ಹೇಗೆ?

ಲೆಕ್ಕದಕಟ್ಟೆ:
ಹತ್ತರದ್ದರಲ್ಲಿ ಒಂದು ಸಲ ಕಳೆದರೆ ಒಂಬತ್ತರದ್ದು. 9×7 ಬೇಕಾದ್ರೆ 70ರಲ್ಲಿ 7 ಕಳೆ, 63. ತಾಳೆ ನೋಡೋಕೂ ಸುಲಭ: ಹತ್ತರ ಸ್ಥಾನದಲ್ಲಿ ಗುಣಿಸಿದ ಸಂಖ್ಯೆಗಿಂತ ಒಂದು ಕಡಿಮೆ (6), ಎರಡಂಕಿ ಕೂಡಿದ್ರೆ 9 (6+3). 9×6ಕ್ಕೆ 56 ಅಂದ್ರೆ 5+6=11, ತಪ್ಪು ಅಂತ ಮಗುವೇ ಹಿಡಿಯುತ್ತೆ. 54 ಮತ್ತು 56 ಅದಲುಬದಲಾಗೋದು ಎಲ್ಲ ಕ್ಲಾಸಲ್ಲೂ ಕಾಣೋ ತಪ್ಪು, ಅದಕ್ಕೇ ಹೇಳಿದೆ.

ಸೊನ್ನೆಸುತ್ತು:
7×8ಕ್ಕೆ ಎರಡು ಪಟ್ಟಿನ ದಾರಿ ಇನ್ನೂ ಚೆನ್ನಾಗಿದೆ. ಎಂಟು ಅಂದ್ರೆ ಮೂರು ಸಲ ಎರಡು ಪಟ್ಟು: 7, 14, 28, 56. ನಾಲ್ಕು ಅಂದ್ರೆ ಎರಡು ಸಲ. ಆರು ಅಂದ್ರೆ ಮೂರರದ್ದರ ಎರಡು ಪಟ್ಟು: 3×7=21, ಆದ್ದರಿಂದ 6×7=42. ಹೀಗೆ ನೋಡಿದ್ರೆ ಕಲಿಸೋ ಕ್ರಮವೇ ಬದಲಾಗಬೇಕು. 2, 10, 5, ಆಮೇಲೆ 4, 8, ಆಮೇಲೆ 3, 6, 9, ಕಡೆಗೆ 7. ಮಗ್ಗಿ ಪುಸ್ತಕದ 2, 3, 4, 5 ಅನ್ನೋ ಕ್ರಮ ಅಚ್ಚು ಹಾಕೋಕೆ ಅನುಕೂಲ, ತಲೆಗಲ್ಲ.

ಒಂದು ಎಚ್ಚರಿಕೆ: 28ರ ಎರಡು ಪಟ್ಟು 56 ಅಂತ ಬಾಯಲ್ಲೇ ಕೂಡೋಕೆ ಬರದ ಮಗುವಿಗೆ ಇದು ಕೈಕೊಡುತ್ತೆ. ಮೊದಲು 50ರ ಒಳಗಿನ ಸಂಖ್ಯೆಗಳನ್ನು ಎರಡು ಪಟ್ಟು ಮಾಡೋದನ್ನೇ ಒಂದು ವಾರ ಆಡಿಸಿ. 20ರ ಎರಡು ಪಟ್ಟು 40, 8ರ ಎರಡು ಪಟ್ಟು 16, ಕೂಡಿದ್ರೆ 56. ಈ ಹತ್ತು-ಬಿಡಿ ಒಡೆಯೋ ಚಾಳಿ ಮುಂದೆ ಎರಡಂಕಿ ಗುಣಾಕಾರಕ್ಕೂ ಬೇಕೇ ಬೇಕು.

ಕಡಲತಡಿ:
ಬೆರಳಿನ ಲೆಕ್ಕ ಯಾಕೆ ಯಾರೂ ಹೇಳ್ಲಿಲ್ಲ ಮಾರಾಯ್ರೆ? 6ರಿಂದ 9ಕ್ಕೆ ಸರಿಯಾಗಿ ಆಗ್ತದೆ. 7ಕ್ಕೆ ಒಂದು ಕೈಯಲ್ಲಿ 2 ಬೆರಳು ಮಡಿಸಿ (ಐದರ ಮೇಲೆ ಎಷ್ಟೋ ಅಷ್ಟು), 8ಕ್ಕೆ ಇನ್ನೊಂದರಲ್ಲಿ 3. ಮಡಿಸಿದ್ದು ಒಟ್ಟು 5, ಅಂದ್ರೆ ಐವತ್ತು. ನಿಂತದ್ದು ಒಂದು ಕೈಯಲ್ಲಿ 3, ಇನ್ನೊಂದರಲ್ಲಿ 2, ಗುಣಿಸಿದ್ರೆ 6. ಐವತ್ತಾರು!

ಬಳಪದಚೂರು:
6×7 ಮಾಡಿ ನೋಡಿ. ಮಡಿಸಿದ್ದು 1+2=3, ಮೂವತ್ತು. ನಿಂತದ್ದು 4 ಮತ್ತು 3, ಅಂದ್ರೆ 12. ಮಗು 312 ಅಂತ ಬರೆಯುತ್ತೆ, ಬೇಕಿದ್ರೆ ಪಂಥ.

ಕಡಲತಡಿ:
30ಕ್ಕೆ 12 ಕೂಡಿ ಅಂತ ಹೇಳಿದ್ರೆ ಆಯ್ತಲ್ಲ, 42. ಅದೂ 6×6, 6×7 ಎರಡರಲ್ಲಿ ಮಾತ್ರ ಹಾಗೆ ಆಗೋದು. ಬಾಕಿ ಎಲ್ಲ ನೇರ.

ಬಳಪದಚೂರು:
ಆಯ್ತು ಬಿಡಿ. ಆದರೂ ಅದು ಉತ್ತರ ತಾಳೆ ನೋಡೋಕೆ ಮಾತ್ರ. 47×36ರ ನಡುವೆ ಪೆನ್ಸಿಲ್ ಕೆಳಗಿಟ್ಟು ಬೆರಳು ಮಡಿಸಿದ್ರೆ ದಶಕ ಎಷ್ಟಿತ್ತು ಅನ್ನೋದೇ ಮರೆತುಹೋಗುತ್ತೆ.

ಮಾವಿನತೋಪು:
ನನ್ನದು ಬೇರೆ ಅನುಮಾನ. 4×3 ಅಂದ್ರೆ 4+4+4 ಅಥವಾ 3+3+3+3? ಕೆಲವು ಕಡೆ ಒಂದನ್ನು ಬರೆದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ.

ಪೇಡೆಪ್ರಿಯ:
ಉತ್ತರ ಹನ್ನೆರಡ ಬರೂದು, ಯಾಕ ಕಟ್ ಮಾಡ್ತಾರೋ! 30 ಮೊಟ್ಟಿಯ ಟ್ರೇ ತಗೊಂಡು ನೋಡ್ರಿ. ಈ ಕಡೆಯಿಂದ 5 ಸಾಲು, ಸಾಲಿಗೆ 6. ಟ್ರೇ ತಿರುಗಿಸಿದ್ರ 6 ಸಾಲು, ಸಾಲಿಗೆ 5. ಮೊಟ್ಟಿ ಏನ್ ಹೆಚ್ಚಾಗಲಿಲ್ಲ, ಕಡಿಮಿ ಆಗಲಿಲ್ಲ. ಮಾತಿನ ಲೆಕ್ಕದಾಗ ಮಾತ್ರ ನೋಡಿಕೋಬೇಕು: 4 ತಟ್ಟಿ, ತಟ್ಟಿಗೆ 3 ಇಡ್ಲಿ ಅಂದಾಗ ಚಿತ್ರ ಬಿಡಿಸು ಅಂದ್ರ 3 ತಟ್ಟಿ ಬಿಡಿಸಿದ್ರ ತಪ್ಪು.

ರಂಗವಲ್ಲಿ:
ಮೊಟ್ಟೆ ಇಲ್ಲದ ಮನೆಗಳಲ್ಲಿ ಚುಕ್ಕಿ ರಂಗೋಲಿ ಸಾಕು. 7 ಚುಕ್ಕಿ 8 ಸಾಲು ಇಟ್ಟು ಎಣಿಸಿ. ಐದನೇ ಚುಕ್ಕಿ ಆದಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ್ರೆ ಒಂದು ಕಡೆ 5×8=40, ಇನ್ನೊಂದು ಕಡೆ 2×8=16. ಒಟ್ಟು 56. ಗೊತ್ತಿಲ್ಲದ್ದನ್ನು ಗೊತ್ತಿರೋ ಎರಡಾಗಿ ಒಡೆಯೋದು ಕಣ್ಣಿಗೇ ಕಾಣುತ್ತೆ.

ಸೊನ್ನೆಸುತ್ತು:
ನೇರ ಚುಕ್ಕಿಯೇ ಇರಬೇಕು, ಸಂದು ಚುಕ್ಕಿ ಅಲ್ಲ. ಸಂದು ಚುಕ್ಕಿಯಲ್ಲಿ ಸಾಲಿಂದ ಸಾಲಿಗೆ ಒಂದೊಂದು ಕಡಿಮೆಯಾಗುತ್ತಾ ಹೋಗುತ್ತೆ, ಅಲ್ಲಿ ಗುಣಿಸಿದ್ರೆ ಕೆಟ್ಟಿತು.

ರಂಗವಲ್ಲಿ:
ಹೌದೌದು, ನೇರ ಚುಕ್ಕಿ.

ಹಳೇಸ್ಲೇಟು:
ಇಷ್ಟೆಲ್ಲ ಆಟ ಆಡಿಸಿ ಕಡೆಗೆ ಮಗು 7×8ಕ್ಕೆ ಪ್ರತಿಸಲ 40 ಮತ್ತು 16 ಕೂಡುತ್ತಾ ಕೂತ್ರೆ? ಅದೂ ನಿಧಾನವೇ ತಾನೆ?

ಲೆಕ್ಕದಕಟ್ಟೆ:
ಅದು ನ್ಯಾಯವಾದ ಪ್ರಶ್ನೆ. ಒಡೆಯೋದು ಉತ್ತರ ಮರೆತಾಗ ತಲುಪೋ ದಾರಿ. ದಿನಾ ಆ ದಾರಿಯಲ್ಲೇ ಓಡಾಡೋಕಲ್ಲ. ಅದನ್ನು ನೇರ ನೆನಪಿಗೆ ಇಳಿಸೋಕೆ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಬೇಕು. ಹೀಗೆ ಮಾಡಿ:

ದಪ್ಪ ಕಾಗದದಲ್ಲಿ ಮುಕ್ಕೋಣದ ತುಂಡು ಕತ್ತರಿಸಿ. ಮೇಲಿನ ಮೂಲೆಯಲ್ಲಿ 56, ಕೆಳಗಿನ ಎರಡು ಮೂಲೆಯಲ್ಲಿ 7 ಮತ್ತು 8. ಹೆಬ್ಬೆರಳಿಂದ 56 ಮುಚ್ಚಿ ತೋರಿಸಿದ್ರೆ ಗುಣಾಕಾರ. 8 ಮುಚ್ಚಿದ್ರೆ "56ರಲ್ಲಿ 7 ಎಷ್ಟು ಸಲ", ಅಂದ್ರೆ ಭಾಗಾಕಾರ. ಒಂದು ಪಟ್ಟಿಗೆ ನಾಲ್ಕು ಲೆಕ್ಕ, ಮುಂದಿನ ವರ್ಷದ ಭಾಗಾಕಾರಕ್ಕೂ ಅಡಿಪಾಯ.

ಮೊದಲ ದಿನ ಎಲ್ಲ ಪಟ್ಟಿ ತೋರಿಸಿ ಮೂರು ಗುಂಪು ಮಾಡಿ: ಮೂರು ಸೆಕೆಂಡಿನೊಳಗೆ ಹೇಳಿದ್ದು, ಯೋಚಿಸಿ ಸರಿ ಹೇಳಿದ್ದು, ತಪ್ಪಿದ್ದು. ದಿನದ ಆಟಕ್ಕೆ ಮೊದಲ ಗುಂಪಿಂದ ಏಳು, ಉಳಿದೆರಡರಿಂದ ಮೂರು. ಮೂರಕ್ಕಿಂತ ಹೆಚ್ಚು ಹೊಸದು ಹಾಕಿದ್ರೆ ಒಂದರ ಉತ್ತರ ಇನ್ನೊಂದಕ್ಕೆ ಅಂಟಿಕೊಳ್ಳುತ್ತೆ. 6×8 ಮತ್ತು 7×8 ಒಂದೇ ದಿನ ಹೊಸದಾಗಿ ಬೇಡ, ಎರಡಕ್ಕೂ ಎಂಟು ಇದೆ, ಉತ್ತರವೂ ಅಕ್ಕಪಕ್ಕ. ಪ್ರತಿಸಲ ಕಲಸಿ. ಐದು ನಿಮಿಷ ಆದಮೇಲೆ ಎತ್ತಿಡಿ, ಅಳೋವರೆಗೂ ಎಳೆಯಬೇಡಿ.

ತಪ್ಪಿದ್ರೆ "ತಪ್ಪು, ಯೋಚಿಸು" ಅಂತ ಬಿಟ್ಟು ಊಹಿಸೋಕೆ ಬಿಡಬಾರದು. ಊಹಿಸಿದ ತಪ್ಪು ಉತ್ತರವೂ ಬಾಯಿಗೆ ಹತ್ತುತ್ತೆ. ಗೆರೆ ಎಳೆದು ಒಡೆಯೋ ದಾರಿ ನೆನಪಿಸಿ, ಅಥವಾ ಉತ್ತರ ಹೇಳಿ, ಎರಡು ಪಟ್ಟಿ ಬಿಟ್ಟು ಮತ್ತೆ ಅದನ್ನೇ ಕೇಳಿ.

ಹಳೇಸ್ಲೇಟು:
ಇದಾದ್ರೆ ಒಪ್ಪಬಹುದು. ಬಾಯಿಪಾಠವೇ ಇದು, ವೇಷ ಬೇರೆ.

ಪೇಡೆಪ್ರಿಯ:
ಅಂತೂ ಒಪ್ಪಿದ್ರಲ್ಲರಿ 😄

ಮಾವಿನತೋಪು:
ಸ್ಕೂಲಲ್ಲಿ "ಸೆವೆನ್ ಏಟ್ಸ್ ಆರ್", ಮನೇಲಿ "ಏಳೆಂಟ್ಲ". ಎರಡೂ ಹೇಳಿಸಬೇಕಾ?

ಲೆಕ್ಕದಕಟ್ಟೆ:
ಶುರುವಿಗೆ ಒಂದೇ. ಮಗು ತನ್ನಷ್ಟಕ್ಕೆ ಎಣಿಸುವಾಗ ಯಾವ ಭಾಷೆ ಬರುತ್ತೋ ಅದರಲ್ಲೇ. ಮಗ್ಗಿ ಕೂರೋದು ಸದ್ದಾಗಿ, ಕಲಿತ ಭಾಷೆಯಲ್ಲೇ ಬೇಗ ಹೊರಗೆ ಬರುತ್ತೆ. ಅಂಕಿ ಬರೆದ ಪಟ್ಟಿ ತೋರಿಸೋದ್ರಿಂದ ಇನ್ನೊಂದು ಲಾಭ, ಭಾಷೆಯ ಗೊಂದಲವೇ ಕಡಿಮೆ.

ಅಮೃತಬಳ್ಳಿ:
ಇವತ್ತೇ ಕತ್ತರಿಸ್ತೀನಿ. ಈಗ 47×36ಕ್ಕೆ ಬನ್ನಿ. ನಿನ್ನೆ ಅವಳು ಬರೆದ ಉತ್ತರ 423. ಎಲ್ಲಿ ಎಡವಿದ್ದು ಅಂತ ಹೇಳೋಕಾಗುತ್ತಾ?

ಸೊನ್ನೆಸುತ್ತು:
ಎರಡನೇ ಸಾಲಿನ ಸೊನ್ನೆ ಬಿಟ್ಟಿದ್ದಾಳೆ. ಮೊದಲ ಸಾಲು 47×6: ಆರೇಳ್ಲ ನಲವತ್ತೆರಡು, 2 ಬರೆದು 4 ದಶಕ, ಆರ್ನಾಕ್ಲ ಇಪ್ಪತ್ನಾಲ್ಕು, 4 ಕೂಡಿ 28. ಅಂದ್ರೆ 282. ಎರಡನೇ ಸಾಲು 47×3=141. ಅದನ್ನು ನೇರ ಕೆಳಗೆ ಬರೆದು ಕೂಡಿದ್ರೆ 282+141=423, ಅವಳ ಉತ್ತರವೇ. ಗುಣಿಸಿದ್ದು, ದಶಕ ಎಲ್ಲ ಸರಿ! ಅದು 3 ಅಲ್ಲ, 30 ಅನ್ನೋದಷ್ಟೇ ತಪ್ಪಿದ್ದು. 1410 ಆಗಬೇಕು, ಒಟ್ಟು 1692.

"ಎರಡನೇ ಸಾಲಿಗೆ ಒಂದು ಸೊನ್ನೆ ಹಾಕು" ಅಂತ ನಿಯಮ ಹೇಳಿಕೊಟ್ರೆ ಮೂರು ದಿನಕ್ಕೆ ಮರೆಯುತ್ತೆ. ಮೊದಲು 47×10, ಆಮೇಲೆ 47×30 ಮಾತ್ರ ಬೇರೆಯಾಗಿ ಒಂದಷ್ಟು ಮಾಡಿಸಿ. 470, 1410. ಅದು ಕೈಗೆ ಹತ್ತಿದ ಮೇಲೆ ಎರಡೂ ಸಾಲು ಒಟ್ಟಿಗೆ. ಸಾಲಿನ ಪಕ್ಕ ಸಣ್ಣದಾಗಿ ×6, ×30 ಅಂತ ಬರೆಸಿ.

ರಂಗವಲ್ಲಿ:
ಇದಕ್ಕಿಂತ ಚೌಕದ ವಿಧಾನ ಸರಳ. ಮೇಲೆ 40, 7. ಪಕ್ಕದಲ್ಲಿ 30, 6. ನಾಲ್ಕು ಮನೆ: 1200, 210, 240, 42. ಕೂಡಿದ್ರೆ 1692. ದಶಕವೇ ಇಲ್ಲ, ಬಿಡೋಕೆ ಸೊನ್ನೆಯೂ ಇಲ್ಲ.

ಬಳಪದಚೂರು:
40×30 ಅನ್ನು 120 ಅಂತ ಬರೆದ್ರೆ ಇಲ್ಲೂ ಅದೇ ಗತಿ. ಮೂರಂಕಿ × ಮೂರಂಕಿ ಬಂದಾಗ ಒಂಬತ್ತು ಮನೆ, ಒಂಬತ್ತು ಸಂಖ್ಯೆ ಕೂಡೋದು. ಅರ್ಥವಾಗೋಕೆ ಚೌಕ, ಕೆಲಸಕ್ಕೆ ಒಂದರ ಕೆಳಗೊಂದು ಬರೆಯೋ ಕಂಬ ಸಾಲು.

ರಂಗವಲ್ಲಿ:
ಮೂರನೇ ಕ್ಲಾಸಿಗೆ ಒಂಬತ್ತು ಮನೆ ಯಾರು ಕೇಳಿದ್ರು?

ಕಡಲತಡಿ:
ಚೌಕಳಿ ಪುಸ್ತಕದಲ್ಲಿ ಮನೆಗೆ ಒಂದೇ ಅಂಕಿ ಅಂತ ಬರೆಸಿ ಮಾರಾಯ್ರೆ. ಅರ್ಧ ತಪ್ಪು ಅಂಕಿ ಓರೆಯಾಗಿ ಪಕ್ಕದ ಸಾಲಿಗೆ ಸೇರಿಯೇ ಆಗೋದು.

ಸೊನ್ನೆಸುತ್ತು:
ತಪ್ಪು ಉತ್ತರ ನೋಡಿ ಎಲ್ಲಿ ಎಡವಿದ್ದು ಅಂತ ಹಿಡಿಯೋಕೆ ಇನ್ನೂ ಮೂರು.

47×6 = 482 ಬಂದ್ರೆ ದಶಕವನ್ನು ಗುಣಿಸೋ ಮೊದಲೇ ಕೂಡಿದ್ದು. 4+4=8, ಆರೆಂಟ್ಲ 48. "ಮೊದಲು ಗುಣಿಸು, ಆಮೇಲೆ ಕೂಡು" ಅಂತ ಬಾಯಲ್ಲಿ ಹೇಳ್ತಾ ಮಾಡಿಸಿ.

47×6 = 242 ಬಂದ್ರೆ ದಶಕ ಪೂರ್ತಿ ಮರೆತದ್ದು.

208×7 = 1526 ಬಂದ್ರೆ ಸೊನ್ನೆಯ ಪೆಟ್ಟು. ಏಳೆಂಟ್ಲ 56, 6 ಬರೆದು 5 ದಶಕ. ಆಮೇಲೆ 0×7ಕ್ಕೆ 7 ಅಂದುಕೊಂಡು 5 ಕೂಡಿ 12, 2 ಬರೆದು 1 ದಶಕ, 14+1=15. ಸರಿ ಉತ್ತರ 1456. ಏಳು ಖಾಲಿ ಡಬ್ಬ ಇಟ್ಟು "ಎಷ್ಟು ಹುಣಸೆ ಬೀಜ ಇದೆ" ಅಂತ ಕೇಳಿ, ಸೊನ್ನೆ ಇಂಟು ಏಳು ಏಳಾಗೋದು ನಿಲ್ಲುತ್ತೆ.

ಇನ್ನು ಎರಡನೇ ಸಾಲು ಗುಣಿಸುವಾಗ ಮೊದಲ ಸಾಲಿನ ಹಳೇ ದಶಕ ತಲೆ ಮೇಲೆ ಹಾಗೇ ಇದ್ರೆ ಅದನ್ನೇ ಮತ್ತೆ ಕೂಡಿಬಿಡ್ತಾರೆ. ಸಾಲು ಮುಗಿದ ಕೂಡಲೇ ಹೊಡೆದು ಹಾಕಿಸಿ.

ಹಳೇಸ್ಲೇಟು:
ಉತ್ತರ ತಾಳೆ ನೋಡೋಕೆ ಒಂಬತ್ತು ತೆಗೆಯೋ ಹಳೇ ಪರೀಕ್ಷೆ ಇದೆಯಲ್ಲ: ಒಂದೇ ಅಂಕಿ ಉಳಿಯೋವರೆಗೆ ಅಂಕಿಗಳನ್ನು ಕೂಡೋದು, 9 ಬಂದ್ರೆ 0 ಅಂತ ಹಿಡಿಯೋದು. 47: 4+7=11, 1+1=2. 36: 3+6=9, ಅಂದ್ರೆ 0. 2×0=0. 1692: 1+6+9+2=18, 9, ಅಂದ್ರೆ 0. ತಾಳೆಯಾಯ್ತು.

ಬಳಪದಚೂರು:
ಅದೇ ಪರೀಕ್ಷೆಗೆ 423 ಹಾಕಿ ನೋಡಿ. 4+2+3=9. ಅದೂ ಪಾಸು!

ಹಳೇಸ್ಲೇಟು:
ಅದು ಕಾಕತಾಳೀಯ.

ಬಳಪದಚೂರು:
ಕಾಕತಾಳೀಯ ಅಲ್ಲ. 141ಕ್ಕೂ 1410ಕ್ಕೂ ಅಂಕಿಗಳ ಮೊತ್ತ ಒಂದೇ. ಸೊನ್ನೆ ಬಿಟ್ಟ ತಪ್ಪನ್ನು ಈ ಪರೀಕ್ಷೆ ಯಾವತ್ತೂ ಹಿಡಿಯಲ್ಲ, ಯಾವ ಸಂಖ್ಯೆ ತಗೊಂಡ್ರೂ. ಅಂಕಿ ಹಿಂದುಮುಂದಾದ್ರೂ ಅಷ್ಟೇ, 1692ರ ಬದಲು 1962 ಬರೆದ್ರೂ ಪಾಸು. ಮಕ್ಕಳಿಗೆ ಅಂದಾಜು ಸಾಕು: 47 ಹತ್ತಿರತ್ತಿರ 50, 36 ಹತ್ತಿರತ್ತಿರ 40, ಎರಡು ಸಾವಿರದ ಒಳಗೆ ಬರಬೇಕು. 40×30=1200ಕ್ಕಿಂತ ಹೆಚ್ಚೂ ಇರಬೇಕು. 423 ಬಾಗಿಲಲ್ಲೇ ಹೊರಗೆ. ಜೊತೆಗೆ ಕೊನೇ ಅಂಕಿ: 7×6=42, ಉತ್ತರ 2ರಲ್ಲಿ ಮುಗಿಯಬೇಕು. 423 ಅಲ್ಲೂ ಫೇಲು.

ಪೇಡೆಪ್ರಿಯ:
ಸ್ಲೇಟು ಅವರ, ಇದಕ್ಕ ಉತ್ತರ ಕೊಡ್ರಿ 😄

ಹಳೇಸ್ಲೇಟು:
482 ತರಹದ ದಶಕದ ತಪ್ಪನ್ನು ಹಿಡಿಯುತ್ತೆ. 482+1410=1892, 1+8+9+2=20, 2. ಸೊನ್ನೆ ಬರಬೇಕಿತ್ತು. ಪೂರ್ತಿ ನಿಷ್ಪ್ರಯೋಜಕ ಅನ್ನಬೇಡಿ.

ಮಾವಿನತೋಪು:
ಇಪ್ಪತ್ತರ ಮಗ್ಗಿ ಬಗ್ಗೆ ಯಾರೂ ಮಾತಾಡ್ಲಿಲ್ಲ. ಬೇಕಾ ಬೇಡ್ವಾ?

ಲೆಕ್ಕದಕಟ್ಟೆ:
ಹಿರಿಯರ ಕಾಲಕ್ಕೆ ಬೇಕಿತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ 100 ನಯಾಪೈಸೆ ಬರೋವರೆಗೆ 12ರದ್ದು, 16ರದ್ದು ಗೊತ್ತಿಲ್ಲದೆ ಅಂಗಡಿ ಮುಂದೆ ನಿಲ್ಲೋಕಾಗ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಇದ್ದದ್ದೂ ಅದಕ್ಕೇ. ಈಗ 12 (ಡಜನ್, ತಿಂಗಳು) ಮತ್ತು 15 (ಗಂಟೆಯ ಕಾಲು ಭಾಗ) ಕಲಿತ್ರೆ ಲಾಭ. 17, 19 ಬಾಯಿಪಾಠ ಬೇಡ: 17×6 ಅಂದ್ರೆ 60 ಮತ್ತು 42, 102. 19×6 ಅಂದ್ರೆ 120ರಲ್ಲಿ 6 ಕಳೆ, 114.

ಕಡಲತಡಿ:
ವೇದ ಗಣಿತದಲ್ಲಿ 97×96 ಎರಡು ಸೆಕೆಂಡಲ್ಲಿ ಆಗ್ತದೆ. ನೂರಕ್ಕೆ 3 ಕಡಿಮೆ, 4 ಕಡಿಮೆ. 97−4=93, 3×4=12. 9312!

ಸೊನ್ನೆಸುತ್ತು:
ಸರಿ, ಈಗ ಅದೇ ಥರ 47×36 ಮಾಡಿ. ನೂರಕ್ಕೆ 53 ಕಡಿಮೆ, 64 ಕಡಿಮೆ. 53×64 ಯಾರು ಮಾಡ್ತಾರೆ? ಬುಡಕ್ಕೆ, ಅಂದ್ರೆ ಇಲ್ಲಿ ನೂರಕ್ಕೆ, ಹತ್ತಿರ ಇದ್ರೆ ಮಾತ್ರ ಲಾಭ. ಹೆಸರಲ್ಲಿ ವೇದ ಇದ್ರೂ ಆ ಪುಸ್ತಕ ಅಚ್ಚಾಗಿದ್ದು 1965ರಲ್ಲಿ. ಹಳೇದೇ ಬೇಕು ಅಂದ್ರೆ ಭಾಸ್ಕರಾಚಾರ್ಯರ ಲೀಲಾವತಿ ಇದೆ, 1150ರದ್ದು. ಅಲ್ಲಿ ಗುಣಾಕಾರದ ಲೆಕ್ಕ 135×12, ಒಂದೇ ಲೆಕ್ಕಕ್ಕೆ ಹಲವು ದಾರಿ. 12ನ್ನು 8 ಮತ್ತು 4 ಅಂತ ಒಡೆದು 1080+540. 12 ಅಂದ್ರೆ 3×4, ಹಾಗಾಗಿ 405, ಅದರ ನಾಲ್ಕು ಪಟ್ಟು. ಸ್ಥಾನದಂತೆ ಹತ್ತು ಮತ್ತು ಎರಡು, 1350+270. ಅಥವಾ 20ರಿಂದ ಗುಣಿಸಿ 8 ಪಟ್ಟು ಕಳೆ, 2700−1080. ಎಲ್ಲಕ್ಕೂ 1620. ರಂಗವಲ್ಲಿಯವರ ಗೆರೆ, ಎರಡು ಪಟ್ಟು, ಒಂಬತ್ತಕ್ಕೆ ಹತ್ತರಿಂದ ಕಳೆಯೋದು, ಎಲ್ಲವೂ ಅಲ್ಲೇ ಇದೆ.

ರಂಗವಲ್ಲಿ:
ಅಂಥದ್ದೇ ಇನ್ನೊಂದು, ಬಾಯಿ ಚಪ್ಪರಿಸೋಕೆ: ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಹೂವಿನ ಹಾರದಂತೆ ಕಾಣೋ ಗುಣಲಬ್ಧಗಳಿವೆ. 139×109 ಮಾಡಿಸಿ, ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇ. ದೊಡ್ಡ ಮಕ್ಕಳಿಗೆ 152207×73. ಉತ್ತರ ಸರಿ ಇದೆಯಾ ಅಂತ ದೊಡ್ಡವರನ್ನು ಕೇಳೋದೇ ಬೇಡ, ನೋಡಿದ ತಕ್ಷಣ ಗೊತ್ತಾಗುತ್ತೆ.

ಪೇಡೆಪ್ರಿಯ:
ಮಾಡಿ ನೋಡಿದ್ನಿರಿ. ಎಂಟು ಒಂದು ಸಾಲಾಗಿ ನಿಂತಾವ. 11111111. ಭಾರಿ ಐತಿ!

ಅಮೃತಬಳ್ಳಿ:
ಮುಕ್ಕೋಣದ ಪಟ್ಟಿ ಕತ್ತರಿಸಿ ಆಯ್ತು. ಒಂದೇ ಅನುಮಾನ: 3×8 ಮತ್ತು 4×6 ಎರಡಕ್ಕೂ 24. ಒಂದೇ ಪಟ್ಟೀಲಿ ಬರೀಲಾ?

ಲೆಕ್ಕದಕಟ್ಟೆ:
ಬೇರೆ ಬೇರೆ. ಒಂದೇ ಪಟ್ಟಿಯಲ್ಲಿ ಬರೆದ್ರೆ 3 ಮುಚ್ಚಿದಾಗ ಏನು ಕೇಳ್ತಿದ್ದೀರಿ ಅಂತಲೇ ಗೊತ್ತಾಗಲ್ಲ. ಎರಡೂ ಚೆನ್ನಾಗಿ ಬಂದಮೇಲೆ ಅಕ್ಕಪಕ್ಕ ಇಟ್ಟು "ಎರಡಕ್ಕೂ ಒಂದೇ ಉತ್ತರ ಯಾಕೆ" ಅಂತ ಕೇಳಿ. 3ನ್ನು ಎರಡು ಪಟ್ಟು ಮಾಡಿದ್ರೆ 6, 8ನ್ನು ಅರ್ಧ ಮಾಡಿದ್ರೆ 4. ಆಮೇಲೆ 12×2 ಎಷ್ಟು ಅಂತ ಅವಳನ್ನೇ ಹುಡುಕೋಕೆ ಬಿಡಿ.